ಎರವಲು ಹೋದ ಅಕ್ಕೋರು

ಇಸವಿ ೨೧೯೪, ಉರಿತಿಂಗಳ ಒಂಬತ್ತನೆಯ ದಿನ
ಕೃಷ್ಣೆಯ ದಕ್ಷಿಣ ದಂಡೆಯ ಶಾಲಾವಲಯ

ನಿಮ್ಮ ಜಿಲ್ಲೆಯ ಶಾಲೆಗಳನ್ನು ಸುಧಾರಿಸಲು ಹೊರಟಿರುವ ಅಧಿಕಾರಿಗಳೇ,

ಉರಿತಿಂಗಳು ಯಾವುದೆಂದು ಪಂಚಾಂಗ ತೆಗೆಯಬೇಡಿ. ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ಬಿಸಿಲು ಹೇಗೂ ಎದ್ದು ಹೋಗುವುದಿಲ್ಲ, ಹೆಸರಾದರೂ ಇರಲಿ ಎಂದು ನಮ್ಮ ಹಿರಿಯರು ಇಟ್ಟರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಸರ್ಕಾರಿ ಆದೇಶಗಳಿಂದ ಕಲಿತವಳು ನಾನು. ಹೆಸರು ಮಾನಮ್ಮ. ಈ ವಲಯದ ಸರ್ಕಾರಿ ಶಾಲೆಗಳಿಗೆಲ್ಲ ಹೊಣೆಗಾರಳು. ನಿಮ್ಮ ಕುರ್ಚಿಗೆ ಮರಿಮಗಳಾಗಬೇಕಾದ ಕುರ್ಚಿಯಲ್ಲಿ ಕೂತಿದ್ದೇನೆ ಎನ್ನಿ.

ನಮ್ಮಲ್ಲಿ ಶಾಲೆ ನಡೆಯುವುದು ತಂಪುಪಾಳಿಯಲ್ಲಿ. ಕೋಳಿ ಕೂಗುವ ಹೊತ್ತಿಗೆ ಮಕ್ಕಳು ಬರುತ್ತಾರೆ, ಗಂಜಿ ಕುಡಿದು ಕೂರುತ್ತಾರೆ, ಬಿಸಿಲೇರುವ ಮೊದಲೇ ನೆಲದಡಿಯ ಮನೆಗಳಿಗೆ ಮರಳುತ್ತಾರೆ. ಪಾಠ ಹೇಳುವ ಯಂತ್ರಗಳೂ ಒಮ್ಮೆ ಇದ್ದವು. ಮಕ್ಕಳು ಅವುಗಳ ಮುಂದೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಈಗ ಅವು ಹಿಟ್ಟಿನ ಗಿರಣಿಯ ಲೆಕ್ಕ ನೋಡಿಕೊಳ್ಳುತ್ತವೆ, ಅಲ್ಲಿ ಯಾರಿಗೂ ದೂರಿಲ್ಲ.

ಸುಧಾರಣೆಗೆ ನಾವು ಕಂಡುಕೊಂಡ ದಾರಿ ಕನ್ನಡಿಶಾಲೆ. ವಲಯದ ಒಂದು ಶಾಲೆಯನ್ನು ಅಚ್ಚುಕಟ್ಟಾಗಿ ಬೆಳೆಸುವುದು, ಉಳಿದವು ಅದನ್ನು ನೋಡಿ ತಿದ್ದಿಕೊಳ್ಳುವುದು. ಕೇಳಲು ಚೆಂದ. ಆದರೆ ಒಳ್ಳೆಯ ಶಿಕ್ಷಕರು ಗಿಡದಲ್ಲಿ ಬಿಡುವುದಿಲ್ಲವಲ್ಲ, ಅವರನ್ನು ಸಣ್ಣ ಶಾಲೆಗಳಿಂದಲೇ ಎತ್ತಿಕೊಳ್ಳಬೇಕು. ನೀವು ಇದನ್ನು ನಿಯೋಜನೆ ಎನ್ನುತ್ತಿದ್ದಿರಿ. ನಾವು ಎರವಲು ಎನ್ನುತ್ತೇವೆ.

ಹಿರೇಬೂದೂರಿನ ಹುಲಿಗೆಮ್ಮನನ್ನು ನಾನು ಹಾಗೆ ಎರವಲು ತಂದೆ. ಆ ಶಾಲೆಗಿದ್ದ ಒಬ್ಬಳೇ ಶಿಕ್ಷಕಿ ಅವಳು, ಮಕ್ಕಳ ಬಾಯಲ್ಲಿ ಅಕ್ಕೋರು. ಹಾಜರಿ ಕೂಗುತ್ತಿರಲಿಲ್ಲ. ಬರುವ ದಾರಿಯಲ್ಲಿ ಏನು ಕಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳಿ, ಅವರ ಮಾತನ್ನೇ ಗೋಡೆಯ ಮೇಲೆ ಬರೆಯುತ್ತಿದ್ದಳು. ಮಕ್ಕಳು ತಮ್ಮ ಮಾತನ್ನು ಓದಲು ಹೋಗಿ ಅಕ್ಷರ ಕಲಿತುಬಿಡುತ್ತಿದ್ದರು. ಅವಳು ಬಂದ ಮೇಲೆ ಕನ್ನಡಿಶಾಲೆ ಹೊಳೆಯಿತು, ನನಗೂ ಹೂಮಾಲೆ ಬಿತ್ತು. ಹಿರೇಬೂದೂರಿಗೆ ವಾರಕ್ಕೊಬ್ಬರಂತೆ ಬದಲಿ ಶಿಕ್ಷಕರನ್ನು ಕಳಿಸಿ ಕೈತೊಳೆದುಕೊಂಡೆ.

ಇಂದು ನೋಟದ ದಿನವಿತ್ತು. ಎಲ್ಲ ಶಾಲೆಗಳ ಮಕ್ಕಳು ಬಸ್ಸಿನಲ್ಲಿ ಬಂದು, ಕನ್ನಡಿಶಾಲೆಯ ಪಾಠವನ್ನು ಹಗ್ಗದಾಚೆ ನಿಂತು ನೋಡುವ ದಿನ. ಹುಲಿಗೆಮ್ಮ ಸುಣ್ಣದ ಕಡ್ಡಿ ಹಿಡಿದು, "ಬರೋ ದಾರ್‍ಯಾಗ ಏನ್ ಕಂಡ್ರಿ?" ಎಂದಳು. ಮುಂದೆ ಕೂತಿದ್ದವರು ಶಿಸ್ತಾಗಿ ಕೈ ಎತ್ತಿದರು. ಅಷ್ಟರಲ್ಲಿ ಹಗ್ಗದಾಚೆಯಿಂದ ಹಿರೇಬೂದೂರಿನ ಮಕ್ಕಳೆಲ್ಲ ಒಟ್ಟಿಗೇ ಹೇಳತೊಡಗಿದರು. ಅವರಲ್ಲಿ ಯಂಕಮ್ಮ ಎಂಬ ಹುಡುಗಿಯ ದನಿ ಎಲ್ಲರಿಗಿಂತ ಮೇಲಿತ್ತು.

"ಅಕ್ಕೋರೆ, ನಾವು ನಿಮ್ಮನ್ನ ಕಂಡಿವಿ. ನಮ್ ಸಾಲಿಗಿ ಯಾವಾಗ ಬರ್ತೀರಿ?"

ಹುಲಿಗೆಮ್ಮ ಬರೆಯಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಬಂದಿದ್ದ ಗಣ್ಯರು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಕೈಗಳ ಬಗ್ಗೆ ನನಗೆ ಈಗಲೂ ಹೇಸಿಗೆಯಾಗುತ್ತಿದೆ.

ಆಮೇಲೆ ಹಿರೇಬೂದೂರಿನ ಈ ವಾರದ ಬದಲಿ ಶಿಕ್ಷಕ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಆ ಹುಡುಗಿ ಸಾಲಿ ಬಿಟ್ಟು ಭಾಳ ದಿನಾತ್ರಿ ಮೇಡಂ. ನೀರು ಸೋಸೋ ಶೆಡ್ಡಿನ್ಯಾಗ ದುಡೀತಾಳ. ಅಕ್ಕೋರನ್ನ ನೋಡಾಕಂತ ಯಾರದೋ ಅಂಗಿ ಹಾಕ್ಕೊಂಡು ಬಸ್ ಹತ್ಯಾಳ."

ಎರವಲಿನ ಅವಧಿ ವಿಸ್ತರಿಸುವ ಆದೇಶ ನನ್ನ ಸಹಿಗೆ ಕಾಯುತ್ತಿತ್ತು. ಅದನ್ನು ಹರಿದುಹಾಕಿ, ಹುಲಿಗೆಮ್ಮನನ್ನು ವಾಪಸು ಕಳಿಸುವಂತೆ ಬರೆದೆ. ಭೇಷ್ ಎನ್ನಬೇಡಿ. ಕನ್ನಡಿಶಾಲೆಯ ಮಕ್ಕಳೂ ಅವಳನ್ನು ಹಚ್ಚಿಕೊಂಡಿದ್ದಾರೆ, ನಾಳೆ ಅವರೂ ಅಳುತ್ತಾರೆ, ಅದಕ್ಕೂ ನಾನೇ ಕಾರಣ.

ಬಿಸಿಲು ಇಳಿದ ಮೇಲೆ ಹಿರೇಬೂದೂರಿಗೆ ಹೋದೆ. ಯಂಕಮ್ಮ ಶೆಡ್ಡಿನ ಹೊರಗೆ ಕೈ ತೊಳೆಯುತ್ತಿದ್ದಳು, ನನ್ನನ್ನು ಕಂಡು ಒಳಗೆ ಹೋದಳು. ಅವಳ ಅಪ್ಪ ಎದ್ದು ಬಂದ. ಅಕ್ಕೋರು ಮರಳಿ ಬರುತ್ತಾರೆ, ಮಗಳನ್ನು ಶಾಲೆಗೆ ಕಳಿಸಿ ಎಂದೆ. ಅವನು ಸಿಟ್ಟಾಗಲಿಲ್ಲ. ಮರ್ಯಾದೆಯಿಂದಲೇ ಕೇಳಿದ: "ಈ ಸಲ ಎಷ್ಟು ದಿನಕ್ಕ ಕೊಡ್ತೀರಿ?"

ತಮ್ಮ ಶಾಲೆಗೆ ಶಿಕ್ಷಕಿ ಬರುವುದೇ ಎರವಲಿಗೆ ಎಂದು ಅವನು ತಿಳಿದಿದ್ದ. ಹಾಗೆ ತಿಳಿಯುವಂತೆ ಮಾಡಿದವಳು ನಾನು. ಶಾಶ್ವತವಾಗಿ ಎನ್ನೋಣವೆಂದರೆ, ನನ್ನ ನಂತರ ಈ ಕುರ್ಚಿಗೆ ಬರುವವರು ಮತ್ತೆ ಎತ್ತಿಕೊಳ್ಳಬಹುದು. ಯಂಕಮ್ಮ ನಾಳೆ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಇಂಥ ಎರವಲಿನ ಮೊದಲ ಆದೇಶಗಳು, ನೀವು ನಿಯೋಜನೆ ಎನ್ನುವವು, ಈಗ ನಿಮ್ಮ ಮೇಜಿನ ಮೇಲಿವೆ. ಸಹಿ ಹಾಕಲೇಬೇಕೆನಿಸಿದರೆ ಶಿಕ್ಷಕಿಯನ್ನು ಎತ್ತಿಕೊಳ್ಳುವ ಊರಿಗೆ ಹೋಗಿ, ಅಲ್ಲಿನ ಮಕ್ಕಳ ಎದುರಿಗೇ ಕೂತು ಹಾಕಿ. ನನಗೆ ಆ ಧೈರ್ಯ ಇರಲಿಲ್ಲ.

ನಿಮ್ಮವಳೇ ಆದ,
ಮಾನಮ್ಮ