ಹೂಂ ಅನ್ನಲು ಜಾಗ

ವಿಠ್ಠಲವಾಡಿ
೧೧ ಜೂನ್ ೨೦೨೫, ಬುಧವಾರ

ಚಿರಂಜೀವಿ ಪೂನಂಗೆ,

ನಿನ್ನ ಸೋದರಮಾವ ಬಸಲಿಂಗಪ್ಪ ಮನಸಾರೆ ಹರಸಿ ಬರೆಯುವುದು. ನಾವಿಬ್ಬರೂ ಉಂಡು ತಿಂದು ಇದ್ದೇವೆ. ನೆರೂಳದ ಹಾಸ್ಟೆಲ್ಲಿನಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೇ ನಮಗೆ ಚಿಂತೆ. ನೀನು ಕೇಳಿದ ಮಾತಿಗೆ ಹದಿನೈದು ದಿನ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ತಪ್ಪಾಯಿತು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಯಾಕೆ ಹೇಳಲಿಲ್ಲ ಎಂಬುದು ಕಾಗದದ ಕೊನೆಗೆ ಬರುತ್ತದೆ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆಂದು ಅಕ್ಷರಗಳನ್ನು ದಪ್ಪಗೆ ಬರೆದಿದ್ದೇನೆ.

ಅವತ್ತು ಫೋನಿನಲ್ಲಿ ನಿನ್ನ ದನಿ ಕೇಳಿ ನನಗೆ ಊಟ ಸೇರಲಿಲ್ಲ. ಅರವತ್ತು ದಾಟಿದವರ ನೆನಪಿನ ಶಕ್ತಿಯ ಮೇಲೆ ನೀನು ಮಾಡುವ ಅಧ್ಯಯನಕ್ಕೆ ಇನ್ನೂರು ಮಂದಿ ಹೆಸರು ಕೊಟ್ಟಿದ್ದರು. ಎರಡನೆಯ ತಪಾಸಣೆಗೆ ಬಂದವರು ಎಪ್ಪತ್ತೇ ಜನ. ಜೂನ್ ಮುಗಿಯುವುದರೊಳಗೆ ಇನ್ನೂ ಐವತ್ತು ಮಂದಿ ಬಾರದಿದ್ದರೆ ಅದನ್ನು ಮುಚ್ಚಿಬಿಡುತ್ತಾರೆ, ಮೂರು ವರ್ಷದ ದುಡಿಮೆ ಹಾಳು ಎಂದು ಕಣ್ಣೀರು ಹಾಕಿದೆ. ‘ಮಾಮಾ, ಎಷ್ಟ್ ಸಲ ಮೇಲ್ ಕಳಿಸೀನಿ, ಕೋಯಿ ಜವಾಬ್ ಹೀ ನಹೀ ದೇತಾ, ಒಬ್ಬರೂ ಉತ್ತರ ಕೊಡವಲ್ರು. ನಿಮಗ ಕಥಿ ಹೇಳಾಕ ಬರ್ತದಲಾ, ನನ್ನ ಮೇಲ್‌ದಾಗ ಏನ್ ತಪ್ಪೈತಿ ಹೇಳ್ರಿ’ ಅಂದೆ.

ಮೊದಲು ನಗುವ ಸಂಗತಿ ಹೇಳುತ್ತೇನೆ. ಹೆಸರು ಬರೆಸುವಾಗ ನಿಮ್ಮ ಅರ್ಜಿಯಲ್ಲಿ ಇಮೇಲ್ ಕೇಳಿದ್ದಿರಿ. ನಮ್ಮಲ್ಲಿ ಯಾರಿಗಿದೆ ಇಮೇಲು? ನಿನ್ನ ಅತ್ತೆಯ ಹೆಸರಿಗೆ ನಾನು ನಮ್ಮ ಕೈಲಾಸನದು ಬರೆದೆ. ಕೆಳಗಿನ ಮನೆಯ ಚಂದ್ರಬಾಯಿ ಡೊಂಬಿವಲಿಯ ಅಳಿಯನದು ಕೊಟ್ಟಳು. ಎದುರುಮನೆಯ ವಿಮಲಾ ಮೊಮ್ಮಗ ರಂಜನ್‌ನದು. ಮುದುಕರಿಗೇ ಬರೆಯುತ್ತಿದ್ದೇನೆಂದು ನೀನು ತಿಳಿದೆ. ಅದನ್ನು ಓದಿದವರು ಬೆಳಗಿನ ಲೋಕಲ್ ರೈಲಿನಲ್ಲಿ ಒಂಟಿ ಕಾಲ ಮೇಲೆ ನಿಂತ ಹುಡುಗರು. ಕಳೆದ ಭಾನುವಾರ ಕೈಲಾಸ ಐರೋಲಿಯಿಂದ ಬಂದಾಗ ಕೇಳಿದೆ. ‘ಅಪ್ಪಾ, ಪ್ರಿಯ ಪಾರ್ಟಿಸಿಪೆಂಟ್ ಅಂತ ಇತ್ತು. ಯಾವನೋ ಇನ್ಶೂರೆನ್ಸಿನಾಂವ ಅಂತ ಡಿಲೀಟ್ ಮಾಡಿದೆ’ ಅಂದ. ತಂಗಿಯ ಕಾಗದವೆಂದು ಅಣ್ಣನಿಗೇ ಗೊತ್ತಾಗಲಿಲ್ಲ ನೋಡು.

ಡಿಲೀಟ್ ಆದದ್ದನ್ನು ಅವನಿಂದಲೇ ಹುಡುಕಿಸಿ, ಪ್ರಿಂಟ್ ತರಿಸಿ, ಸಂಜೆ ಬಿಲ್ಡಿಂಗಿನ ಬೆಂಚಿನ ಮೇಲೆ ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ‘ತಾವು ನಿಗದಿತ ದಿನದಂದು ಹಾಜರಾಗಿಲ್ಲ. ಜೂನ್ ಅಂತ್ಯದೊಳಗೆ ಅಸೆಸ್‌ಮೆಂಟಿಗೆ ಬಾರದಿದ್ದಲ್ಲಿ ತಮ್ಮ ಹೆಸರನ್ನು ಕೈಬಿಡಲಾಗುವುದು.’

ವಿಮಲಾ ಕಾಫಿ ಲೋಟ ಕೆಳಗಿಟ್ಟಳು. ‘ಅಸೆಸ್‌ಮೆಂಟ್ ಅಂದ್ರೆ ಪರೀಕ್ಷೆ ಅಲ್ವಾ ಮಾರಾಯ್ರೆ? ನಾನು ಹತ್ತನೇ ಕ್ಲಾಸಲ್ಲೇ ಫೇಲಾದವಳು. ಈ ವಯಸ್ಸಲ್ಲಿ ಇನ್ನೊಮ್ಮೆ ಫೇಲಾಗ್ಲಿಕ್ಕೆ ಉಡುಪಿಯವಳು ನೆರೂಳಿಗೆ ಹೋಗ್ಬೇಕಾ?’

ಚಂದ್ರಬಾಯಿಗೆ ಬೇರೆಯೇ ಸಿಟ್ಟು. ‘ಠಾಣೆದಾಗ ಗಾಡಿ ಬದ್ಲಿ ಮಾಡ್ಬೇಕು. ಇಳದ್ರ ಯಾವ ಗೇಟು? ಎಷ್ಟನೇ ಮಾಳಿಗಿ? ಲಿಫ್ಟ್ ಐತೇನು? ಸಂಡಾಸ ಎಲ್ಲೈತಿ? ಇದೇನೂ ಬರದಿಲ್ಲ, ಹೆಸರ ತಗಿತೀನಿ ಅಂತ ಹೆದರಸ್ತಾಳ. ತಗೀ ಅನ್ರಿ ನಿಮ್ಮ ಸೊಸಿಗೆ.’

‘ಆಕಿ ಸೊಸಿ ಅಲ್ಲವಾ, ತಂಗಿ ಮಗಳು’ ಅಂದೆ.

‘ಹಂಗಾರ ಇನ್ನೂ ಛಲೋ ಕಲಸ್ಬೇಕಿತ್ತು’ ಅಂದಳು.

ಪೂನಂ, ನನಗೆ ಕಲಿಸಿದವಳು ನಿನ್ನ ಅಜ್ಜಿ. ನಮ್ಮವ್ವ ಅವರೆಕಾಯಿ ಸುಲಿಯುತ್ತ ಕಥೆ ಹೇಳುತ್ತಿದ್ದಳು. ಮಾತಿಗೊಮ್ಮೆ ನಾವು ಹೂಂ ಅನ್ನಬೇಕು. ಹೂಂ ಬರದಿದ್ದರೆ ಅವಳ ಕಥೆ ಅಲ್ಲೇ ನಿಲ್ಲುತ್ತಿತ್ತು. ನಾನು ತೂಕಡಿಸಿದರೆ ಬೈಯುತ್ತಿರಲಿಲ್ಲ. ‘ಆ ರಾಜನ ಊರಾಗ ಬಸ್ಯಾ ಅಂತ ಒಬ್ಬ ಹುಡುಗ ಇದ್ದ’ ಎಂದು ನನ್ನನ್ನೇ ಕಥೆಯೊಳಗೆ ಎಳೆದುಕೊಳ್ಳುತ್ತಿದ್ದಳು. ನಾನು ಥಟ್ಟನೆ ಕಣ್ಣು ಬಿಟ್ಟು ಹೂಂ ಅನ್ನುತ್ತಿದ್ದೆ. ನಿನ್ನ ಕಾಗದದಲ್ಲಿ ಹೂಂ ಅನ್ನಲು ಜಾಗವೇ ಇಲ್ಲ ಮಗಳೆ. ಹೆಸರೂ ಇಲ್ಲ. ಕೊನೆಗೆ ನಿನ್ನ ಹೆಸರೂ ಇಲ್ಲ, ಆಫೀಸಿನದು ಮಾತ್ರ ಇದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಚಂದ್ರಬಾಯಿಯವರೆ, ನಾನು ಪೂನಂ. ಹೋದ ವರ್ಷ ನಿಮ್ಮ ಬಿಲ್ಡಿಂಗಿಗೆ ಬಂದು ನಿಮ್ಮ ಜೊತೆ ಮಾತಾಡಿದವಳು. ನೀವು ಇನ್ನೊಮ್ಮೆ ಬಂದರೆ ಮಾತ್ರ ನಾನು ಶುರು ಮಾಡಿದ್ದು ಪೂರ್ತಿಯಾಗುತ್ತದೆ. ಇದು ಪಾಸು ಫೇಲಿನ ಪರೀಕ್ಷೆಯಲ್ಲ. ಒಂದು ತಾಸು ಮಾತುಕತೆ, ಆಮೇಲೆ ಚಹಾ. ನೆರೂಳ ಸ್ಟೇಶನ್ನಿನ ಹೊರಗೆ ನಾನೇ ನಿಂತಿರುತ್ತೇನೆ. ಲಿಫ್ಟ್ ಇದೆ. ಬರಲು ಮನಸ್ಸಿಲ್ಲದಿದ್ದರೂ ಬೇಸರವಿಲ್ಲ, ಹಾಗೆಂದು ತಿಳಿಸಿದರೆ ಸಾಕು. ಮಂಗಳವಾರ ಬರುತ್ತೀರಾ? ಹೂಂ ಎಂದಷ್ಟೇ ಬರೆಯಿರಿ. ಇದನ್ನು ಓದುತ್ತಿರುವ ಮಗನೋ ಅಳಿಯನೋ ಮೊಮ್ಮಗನೋ, ದಯವಿಟ್ಟು ಮನೆಗೆ ಹೋಗಿ ಅವರಿಗೆ ಜೋರಾಗಿ ಓದಿ ಹೇಳಪ್ಪಾ.’

ನೂರಾ ಮೂವತ್ತು ಜನಕ್ಕೆ ನೂರಾ ಮೂವತ್ತು ಹೆಸರು ಬರೆಯಲು ಎರಡು ದಿನ ಹಿಡಿದೀತು, ಹಿಡಿಯಲಿ. ಇದನ್ನು ಬೆಂಚಿನ ಮೇಲೆ ಓದಿದೆ. ಚಂದ್ರಬಾಯಿ ‘ಚಹಾಕ್ಕ ಸಕ್ಕರಿ ಹಾಕಬ್ಯಾಡಂತ ಹೇಳ್ರಿ’ ಅಂದಳು. ಅದೇ ಅವಳ ಹೂಂ. ವಿಮಲಾ ಯಾವ ಸೀರೆ ಉಡಲಿ ಎಂದು ಆಗಲೇ ಕೇಳುತ್ತಿದ್ದಾಳೆ. ಇಪ್ಪತ್ನಾಲ್ಕನೇ ತಾರೀಖು ಮಂಗಳವಾರ ಇಬ್ಬರನ್ನೂ ಕರೆತರುತ್ತೇನೆ. ಐವತ್ತರಲ್ಲಿ ಎರಡು ಬಂದವು ಅಂದುಕೋ. ನಿನ್ನ ಅತ್ತೆಯ ಮಾತು ಬಿಡು, ಮೊಣಕಾಲು ನೋವಿನಿಂದ ಅವಳು ಮೆಟ್ಟಿಲು ಇಳಿಯುವುದಿಲ್ಲ ಎಂದು ನಿನಗೆ ಹೇಳಿದ್ದೇನಲ್ಲ.

ಧೈರ್ಯವಾಗಿರು. ಹಿಡಿದ ಕೆಲಸ ನಿನ್ನ ಕೈಯಲ್ಲಿ ಪೂರ್ತಿಯಾಗಲಿ, ನೂರು ಮನೆಯ ಹಿರಿಯರು ನಿನ್ನನ್ನು ಹೆಸರು ಹಿಡಿದು ಕರೆಯುವಂತಾಗಲಿ.

ನಿನ್ನ ಮಾಮಾ,
ಬಸಲಿಂಗಪ್ಪ

ತಾ.ಕ.: ಕಾಗದ ಮಡಚಲು ಹೋದರೆ ಕೈ ಏಳಲಿಲ್ಲ. ಮೊಣಕಾಲಿನ ಮಾತು ಸುಳ್ಳು. ನಿನ್ನ ಅತ್ತೆಯ ಮೊಣಕಾಲು ನನ್ನದಕ್ಕಿಂತ ಗಟ್ಟಿಯಾಗಿದೆ. ತಿಂಗಳಿಗೊಮ್ಮೆ ಮನೆಯಲ್ಲೇ ತುಂಬಿ ಕಳಿಸಲು ನೀನು ಕೊಟ್ಟ ಹಾಳೆಯಲ್ಲಿ ‘ಮನೆಯವರ ಹೆಸರು ಮರೆತದ್ದುಂಟೆ?’ ಎಂಬ ಪ್ರಶ್ನೆ ಇದೆಯಲ್ಲ, ಅದಕ್ಕೆ ಮಾರ್ಚಿನಿಂದ ಅವಳ ಪರವಾಗಿ ನಾನೇ ‘ಇಲ್ಲ’ ಎಂದು ಗುರುತು ಹಾಕುತ್ತ ಬಂದಿದ್ದೇನೆ. ನಿಮ್ಮಲ್ಲಿ ಎದುರಿಗೆ ಕೂರಿಸಿ ಕೇಳಿದರೆ ನಿಜ ಹೊರಬೀಳುತ್ತದೆಂದು ತಪಾಸಣೆಗೂ ಕರೆತರಲಿಲ್ಲ. ಕೈಲಾಸನಿಗೂ ಹೇಳಿಲ್ಲ. ಅವಳು ಸದಾ ಪಕ್ಕದಲ್ಲೇ ಇರುತ್ತಾಳೆ, ಫೋನಿನಲ್ಲಿ ಹೇಗೆ ಹೇಳಲಿ? ಆ ಹಾಳೆಗಳನ್ನು ತಿದ್ದಿಕೋ. ಮಂಗಳವಾರ ಅವಳನ್ನೂ ಕರೆತರುತ್ತೇನೆ. ‘ನಾನು ಯಾರು ಹೇಳ್ರಿ’ ಎಂದು ಕೇಳಬೇಡ. ಮೊದಲು ನಿನ್ನ ಹೆಸರು ನೀನೇ ಹೇಳು.

ನಿನ್ನೆ ಮಧ್ಯಾಹ್ನ ನಿನ್ನ ಅತ್ತೆ ಮೆಂತ್ಯದ ಪಲ್ಲೆ ಸೋಸುತ್ತ ಕೂತಿದ್ದಳು. ನಮ್ಮವ್ವನ ಹಾಗೆ ನಾನೂ ಕಥೆ ಹೇಳುತ್ತ, ಕಾಶವ್ವ ಅಂತ ಒಬ್ಬಳು ಇದ್ದಳು ಎಂದು ಅವಳನ್ನೇ ಕಥೆಯೊಳಗೆ ಎಳೆದುಕೊಂಡೆ. ಹೂಂ ಅಂದಳು. ಅವಳ ಮನೆಯಲ್ಲಿ ಬಸಲಿಂಗಪ್ಪ ಅಂತ ಒಬ್ಬ ಇದ್ದ ಎಂದೆ. ಪಲ್ಲೆ ಕೆಳಗಿಟ್ಟು ನನ್ನ ಮುಖ ನೋಡಿದಳು. ‘ಅಂವ ಯಾರ್ರೀ? ಛಲೋ ಮನಷ್ಯಾ ಏನು?’ ಎಂದು ಕೇಳಿದಳು.

ಹೂಂ ಅಂದೆ.