ಇಬ್ಬರಿಗೆಂದು ಹಿಡಿದ ಮನೆ

ಗುಬ್ಬಿ,
ಶನಿವಾರ

ಪ್ರೇಮಾ,

ನೇರವಾಗಿ ಆಡಳಿತ ಮಂಡಳಿಗೆ ಬರೆದು ನೀನು ರಾಜೀನಾಮೆ ವಾಪಸ್ ಪಡೆದಿದ್ದೀಯ. ಇದನ್ನು ನನಗೆ ತಿಳಿಸಿದವರು ನಮ್ಮ ಶಾಲೆಯ ಗುಮಾಸ್ತ ಚನ್ನವೀರಯ್ಯ. "ಪ್ರೇಮಲತಾ ಮೇಡಮ್ಮು ಹೋದ ವಾರವೇ ವಾಪಸ್ ತಗೊಂಡ್ರಲ್ಲಾ, ನಿಮ್ಗೆ ಹೇಳ್ಲಿಲ್ವಾ?" ಎಂದರು. ಹೇಳಿದ್ದಾಳೆ ಎಂದುಬಿಟ್ಟೆ.

ನನ್ನ ರಾಜೀನಾಮೆ ಅಂಗೀಕಾರವಾಗಿದೆ. ನಾನು ಬಿಟ್ಟ ಮುಖ್ಯೋಪಾಧ್ಯಾಯಿನಿ ಹುದ್ದೆ ಹಿರಿತನದ ಪ್ರಕಾರ ನಿನಗೆ ಬಂದಿದೆ.

ನಲವತ್ತೆಂಟನೇ ವಯಸ್ಸಿಗೇ ಕೆಲಸ ಬಿಟ್ಟು, ಖರ್ಚು ಕಡಿಮೆ ಇರುವ ವಿಯೆಟ್ನಾಂನಲ್ಲಿ ಉಳಿತಾಯದ ಬಡ್ಡಿಯ ಮೇಲೆ ಬದುಕುವ ಯೋಚನೆ ನಿನ್ನದು. ಕುಣಿಗಲ್ ಕೆರೆ ಏರಿಯ ಮೇಲೆ ನಿಂತು, "ಉಮಾ, ಸಾಯೋತನ್ಕ ಬೆಲ್ ಹೊಡೆಸ್ಕೊಂಡೇ ಇರ್ತೀಯೇನೇ? ನಡಿಯೇ, ಅಲ್ಲಿ ರಾಣಿ ಥರ ಇರೋಣ" ಎಂದವಳು ನೀನು. ಬೇಸಿಗೆ ರಜೆಯಲ್ಲಿ ಇಪ್ಪತ್ತು ದಿನ ಅಲ್ಲಿನ ಡಾನಾಂಗ್ ಊರಿನಲ್ಲಿದ್ದು ನೋಡಿದೆವು. ಒಯ್ದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿಕೊಂಡು ಉಂಡೆವು. ಮನೆ ಗೊತ್ತು ಮಾಡಿ ಬಂದೆವು. ಬಾಡಿಗೆಯನ್ನು ಇಬ್ಬರು ಹಂಚಿಕೊಂಡರೆ ಮಾತ್ರ ನನ್ನ ಬಡ್ಡಿ ಸಾಲುತ್ತದೆ. ಹಾಗೆಂದು ಲೆಕ್ಕ ಹಾಕಿ ತೋರಿಸಿದವಳೂ ನೀನೇ.

ಆ ಮನೆಯೊಡತಿಯ ನಂಬರ್ ನಿನ್ನ ಫೋನಿನಲ್ಲಿದೆ. ಇಬ್ಬರು ಬರುವುದಿಲ್ಲ ಎಂದು ಅವರಿಗೆ ತಿಳಿಸು. ಒಬ್ಬರಿಗೆ ಸಾಕಾಗುವ ಕೋಣೆ ಎಲ್ಲಾದರೂ ಇದೆಯೇ ಎಂದು ಕೇಳಿ ನನಗೆ ಬರೆ. ಫೋನ್ ಮಾಡುವುದು ಬೇಡ.

ವಿವರಣೆ ಕೊಡಲು ಗುಬ್ಬಿಯ ಮನೆಗೂ ಬರಬೇಡ. ಪ್ರಯಾಣಕ್ಕೆಂದು ಅಮ್ಮ ನಿನ್ನ ಪಾಲಿನ ಚಟ್ನಿಪುಡಿಯನ್ನೂ ಕುಟ್ಟಿಟ್ಟಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತುಮಕೂರಿನ ಶಾಲಾ ಕಚೇರಿಯಲ್ಲಿ ನಿನಗೆ ಚಾರ್ಜ್ ವಹಿಸಿಕೊಡುತ್ತೇನೆ. ಚಾರ್ಜ್ ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು.

ಇಂತಿ,
ಉಮಾಮಹೇಶ್ವರಿ