ಅಪ್ಪ ನಿನ್ನ ಬೆಳೆಯಲ್ಲ

ಮುಧೋಳ, ಸೇಡಂ ತಾಲೂಕು
೧೯೭೬, ಸುಗ್ಗಿಯ ದಿನಗಳು

ವಾಡಿಯ ದೊಡ್ಡ ಬೋಧಕರಾದ ಸ್ಟೀಫನ್ ಅವರಿಗೆ, ಅಂದರೆ ನನ್ನ ಒಡಹುಟ್ಟಿದ ಅಣ್ಣ ಶಿವರಾಯನಿಗೆ,

ನಿನ್ನ ಕಾಗದ ಬಂತು. ವಾಡಿಯ ಕೂಟಕ್ಕೆ ನಾನು ಬರಬೇಕಂತೆ. ಬಿಳಿ ಸೀರೆ ಉಟ್ಟು ವೇದಿಕೆ ಹತ್ತಿ, ನಮ್ಮ ಅಪ್ಪ ಹಣಮಂತರಾಯ ಸಾಯುವ ಮುಂಚೆ ನಿನ್ನ ಬೋಧನೆ ಕೇಳಿ ಯೇಸುಸ್ವಾಮಿಯನ್ನು ಒಪ್ಪಿಕೊಂಡನೆಂದು ಸಾಕ್ಷಿ ಹೇಳಬೇಕಂತೆ. ಹೈದರಾಬಾದಿನಿಂದ ದೊಡ್ಡವರು ಬರುತ್ತಾರೆ, ಹೇಳುವಾಗ ನಾಲ್ಕು ಹನಿ ಕಣ್ಣೀರು ಬಂದರೆ ಒಳ್ಳೆಯದು ಎಂದೂ ಬರೆದಿದ್ದೀಯ. ಕಣ್ಣೀರಿಗೂ ಅಪ್ಪಣೆ ಕೊಡುವಷ್ಟು ದೊಡ್ಡವನಾದೆ ನೀನು.

ಶಹಾಬಾದಿನ ಕೂಟಕ್ಕೆ ನಾನು ಬಂದಿದ್ದೆ. ನಿನಗೆ ಗೊತ್ತಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದೆ. ನೀನು ಇಸ್ತ್ರಿ ಮಾಡಿದ ಕೋಟು ತೊಟ್ಟು, ಮೈಕಿನ ಕುತ್ತಿಗೆ ಹಿಡಿದುಕೊಂಡು, ಅಪ್ಪ ತನ್ನ ಏಕತಾರಿಯನ್ನು ತಾನೇ ಮುರಿದು ನಿನ್ನ ಕಾಲ ಬಳಿ ಬಿದ್ದು ಅತ್ತನೆಂದು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಮುದುಕಿ ಕಣ್ಣೊರೆಸಿಕೊಂಡು, ಎಂಥ ಮಗನ್ನ ಹಡದಾಳವ್ವ ಆ ತಾಯಿ ಎಂದಳು. ಆ ತಾಯಿ ಬದುಕಿದ್ದರೆ ನಿನ್ನ ಕಿವಿ ಹಿಡಿದು ಕೆಳಗಿಳಿಸುತ್ತಿದ್ದಳು. ನಾನು ಸೆರಗು ಮುಖದ ಮೇಲೆ ಎಳೆದುಕೊಂಡು ಎದ್ದೆ, ಸ್ಟೇಷನ್ನಿನ ತನಕ ನಡೆದೇ ಹೋದೆ.

ಬೇರೆ ಯಾರಾದರೂ ಹೀಗೆ ಬೊಗಳೆ ಬಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನಗೆ ಆ ಸ್ವಾಮಿಯ ಸುದ್ದಿ ಹೇಳಿದವನು ನೀನೇ ಅಲ್ಲವೆ? ಕೂಸು ಸತ್ತು, ಗಂಡನ ಮನೆಯವರು ಬಾಗಿಲು ಹಾಕಿಕೊಂಡ ಮೇಲೆ ನಾನು ವಾಡಿಯ ನಿನ್ನ ರೈಲ್ವೆ ಕ್ವಾರ್ಟರ್ಸಿಗೆ ಬಂದು ಬಿದ್ದಿದ್ದೆ. ನೀನಾಗ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ದೀಕ್ಷಾಸ್ನಾನ ತೆಗೆದುಕೊಂಡು ಇನ್ನೂ ವರ್ಷವಾಗಿರಲಿಲ್ಲ. ಡ್ಯೂಟಿ ಮುಗಿಸಿ ಬಂದವನು, ಕೈಯ ಗ್ರೀಸು ತೊಳೆದು, ನಾನು ಮುಟ್ಟದೆ ಇಟ್ಟಿದ್ದ ತಾಟನ್ನು ಎಳೆದುಕೊಂಡು ನನ್ನೆದುರು ಕೂತೆ.

"ಅಮೃತಾ, ಆ ಸ್ವಾಮಿ ಸತ್ತ ಗೆಳೆಯಾನ ಗೋರಿ ಮುಂದ ನಿಂತು ತಾನೂ ಅತ್ತನಂತ. ನನಗ ಇಷ್ಟೇ ಗೊತ್ತದ. ಒಂದ್ ತುತ್ತು ಉಣ್ಣು," ಎಂದೆ.

ನಾನು ಉಂಡೆ. ಅಳುವ ದೇವರೊಬ್ಬನಿದ್ದಾನೆ ಎಂಬುದೇ ನನಗೆ ಸಾಕಾಯಿತು. ನೀನು ಅವತ್ತು ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಮುಂದಿನದನ್ನೆಲ್ಲ ಅವನೇ ನನ್ನೊಳಗೆ ಮಾಡಿಕೊಂಡ.

ಆಮೇಲೆ ನೀನು ಬೋಧಕರ ಶಾಲೆಗೆ ಹೋದೆ. ಜೀಪು ಬಂತು, ಊರಿಗೆಲ್ಲ ಕೇಳುವಂತೆ ಕೂಗುವ ಭೋಂಗಾ ಬಂತು, ಹೆಸರು ಬಂತು. ಅಳುವ ಸ್ವಾಮಿಯನ್ನು ಯಾವ ಸ್ಟೇಷನ್ನಿನಲ್ಲಿ ಇಳಿಸಿ ಬಿಟ್ಟೆಯೋ ನಾನರಿಯೆ.

ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ ನಾನು ಮುಧೋಳಕ್ಕೆ ಬಂದೆ. ನೀನೂ ಬಂದೆ, ಜೀಪಿನಲ್ಲಿ. ಅಪ್ಪನ ಮುಖ ನೋಡಿ ಮಾತಾಡಿಸುವ ಮುಂಚೆ ಭೋಂಗಾವನ್ನು ನಮ್ಮ ಮನೆಯ ಮಾಳಿಗೆಗೆ ಕಟ್ಟಿಸಿದೆ. ಹೊರಸಿನ ಮೇಲೆ ಬಿದ್ದವನ ತಲೆಯ ಹತ್ತಿರ ನಿಂತು ನರಕದ ಬೆಂಕಿಯ ಸುದ್ದಿ ಹೇಳಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ನೀನು ಗೂಟಕ್ಕಿದ್ದ ಏಕತಾರಿ ತೆಗೆದೆ. ಸೋಮವಾರ ಸೋಮವಾರ ಮಠದಲ್ಲಿ ತತ್ವಪದ ಹಾಡುವಾಗ ಅವನು ಎದೆಗೊತ್ತಿಕೊಳ್ಳುತ್ತಿದ್ದ ಏಕತಾರಿ ಅದು. ಇದು ಸೈತಾನನದು ಎಂದು ತಂತಿ ಕಿತ್ತು ಅಂಗಳಕ್ಕೆ ಎಸೆದೆ. ಮುರಿದವನು ನೀನು, ಅಪ್ಪನಲ್ಲ.

ಅಪ್ಪ ಆಗ ನಿನ್ನ ಕಡೆ ತಿರುಗಿ ಒಂದೇ ಮಾತು ಆಡಿದ. "ಶಿವರಾಯ, ಬಿಸಿಲಾಗ ಬಂದೀದಿ. ನೀರ್ ಕುಡಿ."

ನೀನು ನೀರನ್ನೂ ಕುಡಿಯದೆ ಹೋದೆ. ಚಿತ್ತಾಪುರದಲ್ಲಿ ಸಂಜೆಗೆ ಮತ್ತೊಂದು ಕೂಟವಿತ್ತಲ್ಲ.

ನಾನು ಏಕತಾರಿಯನ್ನು ಒಳಗೆ ತಂದು, ಸೇಡಂನ ಬಾಬುಮಿಯಾನಿಂದ ಹೊಸ ತಂತಿ ಹಾಕಿಸಿದೆ. ಅಪ್ಪನ ಕೈ ಏಳುತ್ತಿರಲಿಲ್ಲ, ನಾನು ಮೀಟುತ್ತಿದ್ದೆ, ಅವನು ತೊದಲುತ್ತಾ ಹಾಡುತ್ತಿದ್ದ. ಕ್ರೈಸ್ತಳಾಗಿ ಇದೇನು ನಿನ್ನ ಕೆಲಸ ಎಂದು ನಿನ್ನ ಸಭೆಯವರು ಕೇಳಿದರು. ಅಪ್ಪನ ಹೇಲು ಉಚ್ಚೆ ಬಳಿಯಲು ಬರುವುದಾದರೆ ಬನ್ನಿ, ಆಮೇಲೆ ಕೇಳಿ ಎಂದೆ. ಮತ್ತೆ ಯಾರೂ ಕೇಳಲಿಲ್ಲ.

ಸಂಜೆ ದೀಪ ಹಚ್ಚಿ ನನ್ನ ಪಾಡಿಗೆ ನಾನು ಸುವಾರ್ತೆ ಓದಿಕೊಳ್ಳುತ್ತಿದ್ದೆ. ಅವನಿಗೆಂದು ಓದಲಿಲ್ಲ, ಅವನಿಗೆ ಕೇಳಬಾರದೆಂದೂ ಓದಲಿಲ್ಲ. ಒಮ್ಮೆ, ರೈತ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ, ಬೆಳೆ ಹೇಗೆ ಬರುತ್ತದೆಂದು ಅವನಿಗೇ ಗೊತ್ತಿಲ್ಲ ಎಂಬ ಸಾಮ್ಯದ ಕಥೆ ಬಂತು. ಅಪ್ಪ ಕಣ್ಣು ತೆರೆದು, ಇನ್ನೊಮ್ಮೆ ಓದು ಎಂದ. ಓದಿದೆ. ಆಗ ಅವನು ಅಂದ ಮಾತು ಕೇಳು.

"ಇದನ್ನ ಹೇಳಿದಾಂವ ಒಕ್ಕಲತನ ಬಲ್ಲ. ನಮ್ಮ ಶಿವರಾಯ ಬಿತ್ತಿದ ಮರುದಿನಾನೇ ಮೊಳಿತೇನಂತ ಮಣ್ಣು ಕೆದರಿ ನೋಡ್ತಾನ. ಹಂಗ ಕೆದರಿದ್ರ ಬೀಜ ಉಳಿತದೇನವ್ವ?"

ಅಣ್ಣ, ನಿನ್ನ ಬೋಧಕರ ಶಾಲೆಯಲ್ಲಿ ನಿನಗೆ ಇದನ್ನು ಕಲಿಸಲಿಲ್ಲವೇನು? ಹೇಳುವುದು ನಮ್ಮ ಪಾಲು. ಬೆಳೆಸುವುದು ಸ್ವಾಮಿಯ ಪಾಲು. ನಿನಗೆ ಅವನ ಮೇಲೆ ಅಷ್ಟೂ ನಂಬಿಕೆ ಇಲ್ಲ. ಊರೂರಲ್ಲಿ ನಂಬಿರಿ ನಂಬಿರಿ ಎಂದು ಕೂಗುವ ನೀನೇ ನಂಬದವನು.

ಅಪ್ಪ ತೀರಿದ ಬೆಳಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ. ಬೇಡವೆಂದು ತಲೆ ಅಲ್ಲಾಡಿಸಿದ. ಹಣೆಗೆ ವಿಭೂತಿ ಹಚ್ಚು ಎಂದ, ಹಚ್ಚಿದೆ. ಆಮೇಲೆ ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡ.

"ನಿನ್ನ ಸ್ವಾಮಿಗಿ ನನ್ನ ಸುದ್ದಿ ಒಂದೀಟು ಹೇಳ್ತೀ ಏನವ್ವ?"

"ದಿನಾ ಹೇಳಾಕತ್ತೀನಪ್ಪ," ಎಂದೆ.

"ಹಂಗಾದ್ರ ಸಾಕು."

ಅಷ್ಟೇ. ನನ್ನ ತೋಳಿನ ಮೇಲೆ ತಲೆಯಿಟ್ಟು ಹೋದ. ನಮ್ಮ ಹೊಲದಲ್ಲಿ, ಅವನ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಿದೆವು. ನೀನು ಎಲ್ಲ ಮುಗಿದ ಮೇಲೆ ಬಂದೆ. ಸಂಕಟವಾಯಿತೇನು, ನೀರು ಬೇಡಿದನೇನು ಎಂದು ಕೇಳಲಿಲ್ಲ. ಕಡೀಕ ಒಪ್ಪಿಕೊಂಡನೇನು ಎಂದು ಕೇಳಿದೆ. ಅಣ್ಣನಲ್ಲವೆ ಎಂದು ಅವನಾಡಿದ ಮಾತನ್ನು ನಾನು ಇದ್ದ ಹಾಗೆ ಹೇಳಿದೆ. ಅದನ್ನೇ ನೀನು ಉಬ್ಬಿಸಿ, ಬಣ್ಣ ಬಳಿದು, ಶಹಾಬಾದಿನಲ್ಲಿ ಮಾರಿದೆ.

ಅಪ್ಪನೊಳಗೆ ಏನು ಮೊಳೆಯಿತೋ ನನಗೆ ಗೊತ್ತಿಲ್ಲ. ಗೊತ್ತು ಎಂದು ಹೇಳಲು ನನಗೆ ಭಯ. ಅದು ಅವನಿಗೂ ಸ್ವಾಮಿಗೂ ಸೇರಿದ್ದು, ನಾನು ಅಲ್ಲಿ ಹೊರಗಿನವಳು. ನೀನಂತೂ ಬದುವಿನಾಚೆಯವನು.

ಇನ್ನೊಂದು ಸುದ್ದಿ. ಅಪ್ಪನ ಹೊರಸಿನ ಹತ್ತಿರ ನಾನು ಓದುತ್ತಿದ್ದುದನ್ನು ಕಿಟಕಿಯಾಚೆಯಿಂದ ಕೇಳಿಸಿಕೊಂಡಿದ್ದ ಒಬ್ಬ ಹೆಂಗಸು ಈಗ ನನ್ನ ಪಡಸಾಲೆಗೆ ಬಂದು, ತೊಗರಿ ಹಸನು ಮಾಡುತ್ತಾ, ಆ ಮುದುಕಗ ಓದಿದ್ದು ನನಗೂ ಓದವ್ವ ಎನ್ನುತ್ತಾಳೆ. ಓದುತ್ತೇನೆ. ಮುಂದೆ ಏನಾಗುತ್ತೀ ಎಂದು ಕೇಳುವುದಿಲ್ಲ. ಅವಳು ಯಾರು, ಯಾವ ಓಣಿಯವಳು ಎಂದು ನಿನಗೆ ಬರೆಯಲಾರೆ. ಬರೆದರೆ ನಾಳೆಯೇ ಅವಳ ಬಾಗಿಲಿಗೆ ನಿನ್ನ ಜೀಪು ಬಂದು ನಿಲ್ಲುತ್ತದೆ.

ವಾಡಿಯ ಕೂಟಕ್ಕೆ ಬರುತ್ತೇನೆ, ಆದರೆ ವೇದಿಕೆಗಲ್ಲ. ನೀನು ಅಪ್ಪನ ಹೆಸರೆತ್ತದಿದ್ದರೆ ಪ್ರಾರ್ಥನೆ ಮುಗಿಸಿ ಸುಮ್ಮನೆ ಹೋಗುತ್ತೇನೆ. ಎತ್ತಿದರೆ, ಹೆಂಗಸರ ಸಾಲಿನಲ್ಲಿ ಎದ್ದು ನಿಂತು, ಏಕತಾರಿ ಮುರಿದವರು ಯಾರೆಂದು ನಿನ್ನ ದೊಡ್ಡವರ ಎದುರಿಗೇ ಹೇಳುತ್ತೇನೆ. ನನಗೆ ಮೈಕು ಬೇಕಾಗಿಲ್ಲ.

ದೇವರು ನಿನಗೆ ಆಯುಷ್ಯ ಕೊಡಲಿ ಎಂದು ಹರಸುವುದಿಲ್ಲ, ಅದನ್ನು ನಿನ್ನ ಜನ ದಿನವೂ ಬೇಡುತ್ತಾರೆ. ನಾನು ಬೇಡುವುದು ಒಂದೇ. ಅವನು ನಿನಗೆ ಒಂದಿಷ್ಟು ನಾಚಿಕೆ ಕೊಡಲಿ. ಕೊಡುತ್ತಾನೆಂಬ ನಂಬಿಕೆ ನನಗಿದೆ, ಯಾವಾಗ ಎಂದು ಕೇಳುವುದಿಲ್ಲ.

ನಿನ್ನ ತಂಗಿ,
ಅಮೃತಮ್ಮ